ಮಷಿನ್ ಹಾಕಿದ ಮೇಲೂ ಉಸಿರು ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 56 ವರ್ಷ. ಸಾಗರ ತಾಲ್ಲೂಕಿನಲ್ಲಿ ಅಡಿಕೆ ತೋಟ ಇದೆ. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ ಅಂತ ಪರೀಕ್ಷೆ ಮಾಡಿಸಿದಾಗ ನಿದ್ದೆಯಲ್ಲಿ ಗಂಟೆಗೆ 42 ಸಲ ಉಸಿರು ಕಟ್ಟುತ್ತದೆ ಎಂದರು. ಎರಡು ತಿಂಗಳಿಂದ, ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಮಷಿನ್ ಹಾಕಿಕೊಂಡು ಮಲಗುತ್ತಿದ್ದೇನೆ. ಮೊದಮೊದಲು ಹಾಯಾಗಿತ್ತು. ಗೊರಕೆ ಪೂರ್ತಿ ಹೋಗಿಲ್ಲ ಎಂದಿದ್ದಕ್ಕೆ ಮಷಿನ್ ಕೊಟ್ಟವರು 9 ಇದ್ದ ಪ್ರೆಶರ್ ಅನ್ನು 13 ಮಾಡಿಕೊಟ್ಟರು. ಆಮೇಲಿಂದ ಬೆಳಿಗ್ಗೆ ನೋಡಿದರೆ ಸ್ಕ್ರೀನಿನಲ್ಲಿ ಗಂಟೆಗೆ 12, 13 ಸಲ ಉಸಿರು ಕಟ್ಟಿದೆ ಅಂತ ಬರುತ್ತದೆ. ಅದರಲ್ಲಿ ಹತ್ತರಷ್ಟು ‘ಸೆಂಟ್ರಲ್’. ಹಾಗೆಂದರೆ ಉಸಿರಾಡು ಅಂತ ಹೇಳುವುದನ್ನು ಮೆದುಳೇ ಮರೆಯುತ್ತದೆ ಎಂದು ಮಗ ಹುಡುಕಿ ಹೇಳಿದ. ಅಂದಿನಿಂದ ಮಲಗಲು ಭಯ. ಹೆಂಡತಿ ನಡುರಾತ್ರಿ ಎದ್ದು ನನ್ನ ಎದೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಮೂರು ರಾತ್ರಿ ಮಷಿನ್ ಎತ್ತಿಟ್ಟೆ. ಬೆಂಗಳೂರಿನ ನೆಂಟರೊಬ್ಬರು ‘ಎಎಸ್‌ವಿ ಅಂತ ಇನ್ನೊಂದು ಮಷಿನ್ ಬರುತ್ತೆ, ದುಬಾರಿ, ಆದರೂ ತಗೊಂಡುಬಿಡಿ’ ಎನ್ನುತ್ತಿದ್ದಾರೆ. ಮೊಣಕಾಲು ನೋವಿಗೆ ಮಾತ್ರೆ ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮಲಗಿದರೆ ಏಳುತ್ತೇನೋ ಇಲ್ಲವೋ ಎಂಬ ಅನುಮಾನ ಹೊತ್ತುಕೊಂಡು ಯಾರಿಗೆ ತಾನೇ ನಿದ್ದೆ ಬಂದೀತು? ಹೆದರಿದ್ದಕ್ಕೆ ನೀವು ಸಂಕೋಚಪಡಬೇಕಿಲ್ಲ. ಮುಖಕ್ಕೊಂದು ಮಾಸ್ಕ್ ಬಿಗಿದುಕೊಂಡು, ಕೊಳವೆ ಎಳೆದುಕೊಂಡು ಮಲಗಲು ಮನಸ್ಸನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಅದನ್ನು ನೀವು ಮಾಡಿದಿರಿ. ಅಷ್ಟಾದ ಮೇಲೂ ಬೆಳಿಗ್ಗೆ ಎದ್ದ ಕೂಡಲೇ ಅದೇ ಮಷಿನ್ ಕೆಟ್ಟ ಸುದ್ದಿ ತೋರಿಸಿದರೆ ಭಯದ ಜೊತೆಗೆ ಸಿಟ್ಟೂ ಬರುತ್ತದೆ. ಮೂರು ರಾತ್ರಿ ಎತ್ತಿಟ್ಟಿದ್ದು ಅದಕ್ಕೇ ಇರಬೇಕು. ಆದರೆ ಇವತ್ತು ರಾತ್ರಿ ಮತ್ತೆ ಹಾಕಿಕೊಳ್ಳಿ, ನಾಳೆ ಬೆಳಿಗ್ಗೆ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಇವೆರಡರಲ್ಲಿ ಯಾವುದನ್ನೂ ಬಿಡಬೇಡಿ. ನಾನು ಆಪ್ತಸಮಾಲೋಚಕಿ, ನಿದ್ರಾ ತಜ್ಞೆಯಲ್ಲ. ಈ ತೊಂದರೆ ಇರುವವರ ಜೊತೆ ಕೂತು ಮಾತಾಡಿ, ತಜ್ಞರನ್ನು ಕೇಳಿ ತಿಳಿದಷ್ಟನ್ನು ಹೇಳುತ್ತೇನೆ.

ನೀವು ಬರೆದ ಅಂಕಿಗಳನ್ನೇ ಇನ್ನೊಮ್ಮೆ ನೋಡಿ. ಮಷಿನ್ ಬರುವ ಮುಂಚೆ ಗಂಟೆಗೆ 42. ಈಗ 13. ಅದರಲ್ಲಿ ‘ಸೆಂಟ್ರಲ್’ ಹತ್ತನ್ನು ಕಳೆದರೆ, ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುತ್ತಿದ್ದ ಮೂಲ ಕಾಯಿಲೆ ಎರಡು ಮೂರಕ್ಕೆ ಇಳಿದಿದೆ. ಒಟ್ಟು ಅಂಕಿ 5ರ ಒಳಗೆ ಬರಬೇಕು ಎಂಬುದು ವೈದ್ಯರು ಇಟ್ಟುಕೊಳ್ಳುವ ಗುರಿ, ಆದ್ದರಿಂದ ಕೆಲಸ ಇನ್ನೂ ಬಾಕಿ ಇದೆ ನಿಜ. ಆದರೆ ಮಷಿನ್ ತೆಗೆದಿಟ್ಟ ಆ ಮೂರು ರಾತ್ರಿ ನೀವು 13ರಿಂದ ತಪ್ಪಿಸಿಕೊಂಡು ಬಹುಶಃ 42ರ ಹತ್ತಿರಕ್ಕೆ ಹೋಗಿ ಮಲಗಿದಿರಿ. ಸ್ಕ್ರೀನ್ ಇರಲಿಲ್ಲವಾದ್ದರಿಂದ ಅದು ಕಾಣಿಸಲಿಲ್ಲ, ಅಷ್ಟೆ.

ಇನ್ನು ‘ಮೆದುಳು ಮರೆಯುತ್ತದೆ’ ಎಂಬ ಮಾತು. ನಿಮ್ಮ ಮಗ ಕಾಳಜಿಯಿಂದಲೇ ಹುಡುಕಿ ಹೇಳಿದ್ದಾರೆ, ಆದರೆ ಆ ಮಾತು ನಿಮ್ಮನ್ನು ಬೇಡದ ಕಡೆಗೆ ಎಳೆದುಕೊಂಡು ಹೋಗಿದೆ. ಎಚ್ಚರ ಇದ್ದಾಗ ಉಸಿರಾಟಕ್ಕೆ ಹತ್ತು ಕಡೆಯಿಂದ ಪ್ರಚೋದನೆ ಇರುತ್ತದೆ. ನಿದ್ದೆಯಲ್ಲಿ ಮೆದುಳು ಮುಖ್ಯವಾಗಿ ಒಂದನ್ನೇ ನೋಡಿಕೊಂಡಿರುತ್ತದೆ, ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಎಷ್ಟು ಎಂಬುದನ್ನು. ತೋಟದ ಟ್ಯಾಂಕಿಗೆ ನೀರಿನ ಮಟ್ಟ ನೋಡಿ ಮೋಟಾರು ಚಾಲೂ ಮಾಡುವ ಆಟೋ ಸ್ವಿಚ್ ಇಟ್ಟಿದ್ದರೆ ನಿಮಗೆ ತಕ್ಷಣ ತಿಳಿಯುತ್ತದೆ. ನೀರು ತುಂಬಿದ್ದರೆ ಮೋಟಾರು ಸುಮ್ಮನಿರುತ್ತದೆ, ಇಳಿದಾಗ ತಾನಾಗಿ ಶುರುವಾಗುತ್ತದೆ. ಸುಮ್ಮನಿದ್ದ ಹೊತ್ತಿನಲ್ಲಿ ಮೋಟಾರು ಕೆಟ್ಟಿದೆ ಎಂದು ನೀವು ಮೆಕ್ಯಾನಿಕ್ಕನ್ನು ಕರೆಸುವುದಿಲ್ಲ. ಹಾಗೆಯೇ ಏನೋ ಕಾರಣಕ್ಕೆ ಆ ಡೈಆಕ್ಸೈಡ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ‘ಸದ್ಯಕ್ಕೆ ಬೇಡ’ ಎಂದು ಮೆದುಳು ಹತ್ತು ಹದಿನೈದು ಸೆಕೆಂಡು ತಡೆಯುತ್ತದೆ. ಅದು ಮತ್ತೆ ಏರಿದಾಗ ಉಸಿರು ಹೊರಡುತ್ತದೆ. ಲೇಹ್‌ನಂಥ 3,500 ಮೀಟರ್ ಎತ್ತರದ ಊರಿನಲ್ಲಿ ಗಟ್ಟಿಮುಟ್ಟಾದ ಹುಡುಗರಿಗೂ ಮೊದಲ ರಾತ್ರಿಗಳಲ್ಲಿ ಇದು ಆಗುತ್ತದೆ. ಗಾಳಿ ತೆಳುವಾಗಿರುವುದರಿಂದ ಅವರು ಜಾಸ್ತಿ ಉಸಿರಾಡುತ್ತಾರೆ, ಡೈಆಕ್ಸೈಡ್ ಇಳಿಯುತ್ತದೆ, ನಡುನಡುವೆ ಉಸಿರು ತಂಗುತ್ತದೆ.

ಅಂದಮೇಲೆ ಕೇಳಬೇಕಾದ ಪ್ರಶ್ನೆ, ನಿಮ್ಮಲ್ಲಿ ಡೈಆಕ್ಸೈಡ್ ಯಾಕೆ ಇಳಿಯುತ್ತಿದೆ ಎಂಬುದು. ನಿಮ್ಮ ಪತ್ರದಲ್ಲೇ ಒಂದು ಸುಳಿವು ಇದೆ. ಪ್ರೆಶರ್ 9 ಇದ್ದಾಗ ಹಾಯಾಗಿತ್ತು, 13 ಆದಮೇಲೆ ಈ ಅಂಕಿ ಬಂತು. ಬೇಕಾದ್ದಕ್ಕಿಂತ ಹೆಚ್ಚು ಪ್ರೆಶರ್ ಕೊಟ್ಟಾಗ ಕೆಲವರಲ್ಲಿ ಹೀಗಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮಷಿನ್ ಶುರು ಮಾಡಿದ ಮೇಲೆ ಹೊಸದಾಗಿ ಕಾಣಿಸಿಕೊಳ್ಳುವ ಈ ಬಗೆಯ ತಡೆ ಬಹಳಷ್ಟು ಜನರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ ಎಂಬುದೂ ಗೊತ್ತಿರುವಂಥದ್ದೇ. ಎಲ್ಲರಲ್ಲೂ ಅಲ್ಲ, ಅದಕ್ಕೇ ವೈದ್ಯರ ಕಣ್ಣು ಬೇಕು. ಮಷಿನ್ ಕೊಟ್ಟವರು ನಿಮಗೆ ಒಳ್ಳೆಯದಾಗಲಿ ಎಂದೇ ಏರಿಸಿದ್ದಾರೆ ಎಂದುಕೊಳ್ಳೋಣ. ಆದರೂ ಪ್ರೆಶರ್ ಎಂದರೆ ಔಷಧಿಯ ಡೋಸ್ ಇದ್ದಂತೆ, ಅದನ್ನು ಅಂಗಡಿಯಲ್ಲಿ ಬದಲಿಸಬಾರದು. ‘9ಕ್ಕೆ ಇಳಿಸಬಹುದೇ?’ ಎಂದು ವೈದ್ಯರನ್ನು ನೇರವಾಗಿ ಕೇಳಿ. ಉಸಿರು ಬಿಡುವಾಗ ಪ್ರೆಶರ್ ತಗ್ಗಿಸಿ ಹಿತವಾಗಿಸುವ ಸೆಟ್ಟಿಂಗ್ ಕೆಲವು ಮಷಿನ್‌ಗಳಲ್ಲಿ ಇರುತ್ತದೆ, ಕೆಲವರಿಗೆ ಅದೂ ಡೈಆಕ್ಸೈಡ್ ಅನ್ನು ಜಾಸ್ತಿ ಹೊರಗೆ ಕಳಿಸುತ್ತದೆ. ಆ ವಿಷಯವನ್ನೂ ಕೇಳಿ. ಸೆಟ್ಟಿಂಗ್ ತೆಗೆಯುವುದು ಹೇಗೆಂದು ಹುಡುಕಿ ನೀವೇ ಇಳಿಸಲು ಮಾತ್ರ ಹೋಗಬೇಡಿ. ಇವತ್ತು ಇಷ್ಟು, ನಾಳೆ ಅಷ್ಟು ಎಂದು ಬದಲಿಸುತ್ತ ಹೋದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಸ್ಕ್ರೀನಿನ ಅಂಕಿಯ ಬಗ್ಗೆಯೂ ಒಂದು ಮಾತು. ಮಷಿನ್‌ಗೆ ನಿಮ್ಮ ಮೆದುಳು ಕಾಣುವುದಿಲ್ಲ, ಎದೆಯೂ ಕಾಣುವುದಿಲ್ಲ, ಕಾಣುವುದು ಕೊಳವೆಯಲ್ಲಿ ಓಡಾಡುವ ಗಾಳಿ ಮಾತ್ರ. ಕೆಲವು ಸೆಕೆಂಡು ಗಾಳಿ ಆಡದಿದ್ದರೆ ಅದು ಸಣ್ಣಸಣ್ಣ ಒತ್ತಡದ ಅಲೆ ಕಳಿಸಿ ಗಂಟಲ ದಾರಿ ತೆರೆದಿದೆಯೋ ಮುಚ್ಚಿದೆಯೋ ನೋಡುತ್ತದೆ. ತೆರೆದಿದ್ದರೆ ಸೆಂಟ್ರಲ್ ಎಂದು ಬರೆದುಕೊಳ್ಳುತ್ತದೆ. ನೀವು ನಿದ್ದೆಯಲ್ಲಿದ್ದೀರೋ, ಎಚ್ಚರವಾಗಿ ಮಗ್ಗುಲು ಬದಲಿಸುವಾಗ ಒಂದು ಕ್ಷಣ ಉಸಿರು ಹಿಡಿದಿರೋ ಅದಕ್ಕೆ ತಿಳಿಯದು. ಭಯದಿಂದ ರಾತ್ರಿಯಿಡೀ ಹೊರಳಾಡುವವರ ಲೆಕ್ಕದಲ್ಲಿ ಇಂಥ ಸುಳ್ಳು ಎಣಿಕೆ ಎಷ್ಟೋ ಸೇರಿಕೊಳ್ಳಬಹುದು. ಇಷ್ಟು ಸಾಲದು ಎಂಬಂತೆ, ನಿದ್ದೆ ಪದೇ ಪದೇ ಒಡೆದಾಗ ಉಸಿರಿನ ಲಯ ಕೆಟ್ಟು ನಿಜವಾದ ತಡೆಗಳೂ ಹೆಚ್ಚುತ್ತವೆ. ನಿಮ್ಮ ಹೆದರಿಕೆಯೇ ಅಂಕಿಯನ್ನು ಏರಿಸುತ್ತಿದೆಯೋ ಏನೋ, ಏರಿದ ಅಂಕಿ ಹೆದರಿಕೆಯನ್ನು ಏರಿಸುತ್ತಿದೆ. ಎದೆಗೂ ಹೊಟ್ಟೆಗೂ ಬೆಲ್ಟ್ ಕಟ್ಟಿ, ತಲೆಗೆ ವೈರುಗಳನ್ನು ಅಂಟಿಸಿ ಲ್ಯಾಬ್‌ನಲ್ಲಿ ಒಂದು ರಾತ್ರಿ ಮಾಡುವ ಪರೀಕ್ಷೆಯಲ್ಲಿ ಮಾತ್ರ ನಿಜವಾದ ತಡೆ ಯಾವುದು, ಸುಳ್ಳು ಎಣಿಕೆ ಯಾವುದು ಎಂಬುದು ಸರಿಯಾಗಿ ತಿಳಿಯುತ್ತದೆ. ಮಷಿನ್ ಹಾಕಿಕೊಂಡೇ ಆ ಪರೀಕ್ಷೆ ಮಾಡಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ತೊಂದರೆಗಳಿಗೆಂದೇ ಚಿಕಿತ್ಸಾ ವಿಭಾಗ ಇದೆ.

ಅಲ್ಲಿಯವರೆಗೆ ಮನೆಯಲ್ಲೇ ನೋಡಬಹುದಾದದ್ದು ಮಾಸ್ಕಿನ ಸೋರಿಕೆ. ಗಾಳಿ ಸೋರಿದರೆ ನಿದ್ದೆ ಒಡೆಯುತ್ತದೆ, ಡೈಆಕ್ಸೈಡೂ ಹೆಚ್ಚು ತೊಳೆದುಹೋಗುತ್ತದೆ. ಪ್ರೆಶರ್ ಏರಿಸಿದ ಮೇಲೆ ಹಳೆಯ ಬಿಗಿತ ಸಾಲದೆ ಹೋಗಿರಬಹುದು. ಹಾಗೆಂದು ಪಟ್ಟಿಯನ್ನು ಜಗ್ಗಿ ಬಿಗಿದರೆ ಮೂಗಿನ ಪಕ್ಕದ ಮೆತ್ತೆ ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಮಲಗಿಕೊಂಡು, ಮಷಿನ್ ಚಾಲೂ ಮಾಡಿ, ಮಾಸ್ಕನ್ನು ಮುಖದಿಂದ ಒಮ್ಮೆ ಸ್ವಲ್ಪ ಎತ್ತಿ ಮತ್ತೆ ಕೂರಿಸಿ. ಮೆತ್ತೆಗೆ ಎಣ್ಣೆ ಜಿಡ್ಡು ಹಿಡಿದಿದ್ದರೆ ಸೋಪಿನ ನೀರಿನಲ್ಲಿ ತೊಳೆಯಿರಿ. ಬೆಳಿಗ್ಗೆ ನಾಲಿಗೆ ಅಂಟು ಅಂಟಾಗಿ ಒಣಗಿದ್ದರೆ ರಾತ್ರಿ ಬಾಯಿ ತೆರೆದುಕೊಳ್ಳುತ್ತಿದೆ ಎಂದು ಅರ್ಥ, ಅದಕ್ಕೆ ಬೇರೆ ಬಗೆಯ ಮಾಸ್ಕ್ ಬೇಕಾದೀತು.

ಮೊಣಕಾಲು ನೋವಿನ ಮಾತ್ರೆಯನ್ನು ನೀವು ಪತ್ರದ ಕೊನೆಯಲ್ಲಿ ಹೀಗೆ ಬಂದು ಹಾಗೆ ಹೋಗುವಂತೆ ಬರೆದಿದ್ದೀರಿ. ನನಗೆ ಅದು ಮುಖ್ಯ. ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿ. ಟ್ರಮಡಾಲ್ ಎಂದಿದ್ದರೆ ಅದು ಅಫೀಮಿನ ವರ್ಗದ ನೋವುನಿವಾರಕ, ಪ್ಯಾರಾಸಿಟಮಾಲ್ ಜೊತೆ ಸೇರಿಸಿ ಒಂದೇ ಗುಳಿಗೆಯಾಗಿಯೂ ಬರುತ್ತದೆ. ಈ ವರ್ಗದ ಔಷಧಿಗಳು ನಿದ್ದೆಯಲ್ಲಿ ಮೆದುಳಿನ ಉಸಿರಾಟದ ಆಜ್ಞೆಯನ್ನೇ ಮಂದ ಮಾಡುತ್ತವೆ. ತಟ್ಟನೆ ನಿಲ್ಲಿಸಬೇಡಿ, ಹಾಳೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ನಿದ್ದೆ ಬರುತ್ತಿಲ್ಲವೆಂದು ಯಾರಾದರೂ ನಿದ್ದೆ ಮಾತ್ರೆ ಕೊಟ್ಟಿದ್ದರೆ, ಸಂಜೆ ಒಂದೆರಡು ಪೆಗ್ ಹಾಕುವ ಅಭ್ಯಾಸ ಇದ್ದರೆ, ಅದನ್ನೂ ಮುಚ್ಚಿಡಬೇಡಿ.

ಹೃದಯದ ಮಾತು ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ, ಆದರೂ ಬಿಡುವಂತಿಲ್ಲ. ಹೃದಯದ ಪಂಪ್ ಸೋತವರಲ್ಲಿ ಉಸಿರು ಅಲೆಯಂತೆ ಏರಿ, ಇಳಿದು, ನಿಂತು, ಮತ್ತೆ ಏರುತ್ತದೆ. ಡಬ್ಲಿನ್ನಿನ ವೈದ್ಯರಾದ ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ಬರೆದಿಟ್ಟ ಈ ಲಕ್ಷಣಕ್ಕೆ ಇಂದಿಗೂ ಅವರಿಬ್ಬರದೇ ಹೆಸರು. ಪಾರ್ಶ್ವವಾಯು ಆದವರಲ್ಲಿ, ಹೃದಯದ ಬಡಿತ ತಾಳ ತಪ್ಪಿದವರಲ್ಲೂ ಸೆಂಟ್ರಲ್ ತಡೆ ಕಾಣಿಸಿಕೊಳ್ಳುತ್ತದೆ. ನಿಮಗೆ ಇವು ಇವೆ ಎಂದು ನಾನು ಹೇಳುತ್ತಿಲ್ಲ. ಒಂದು ಇಸಿಜಿ, ಒಂದು ಎಕೊ ಮಾಡಿಸಿದರೆ ಆ ಅನುಮಾನ ಮುಗಿಯುತ್ತದೆ. ಚಪ್ಪಟೆಯಾಗಿ ಮಲಗಿದರೆ ಏದುಸಿರು ಬರುತ್ತದೆಯೇ, ಸಂಜೆ ಪಾದ ಊದುತ್ತದೆಯೇ, ಇದನ್ನೂ ಗಮನಿಸಿ ಹೇಳಿ.

ನೆಂಟರ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಡಲು ಹೇಳುವುದು ಇದೇ ಕಾರಣಕ್ಕೆ. ಎಎಸ್‌ವಿ ಒಳ್ಳೆಯ ಮಷಿನ್, ಉಸಿರು ತಂಗಿದಾಗಲೆಲ್ಲ ತಾನೇ ಉಸಿರು ತುಂಬುತ್ತದೆ, ಬೇಕಾದವರಿಗೆ ವರದಾನ. ಆದರೆ ಹೃದಯದ ಪಂಪಿನ ಶಕ್ತಿ ಶೇ 45 ಅಥವಾ ಅದಕ್ಕಿಂತ ಕಡಿಮೆ ಇದ್ದವರ ಮೇಲೆ ನಡೆಸಿ 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಅದನ್ನು ಬಳಸಿದವರಲ್ಲಿ ಹೃದಯ ಸಂಬಂಧಿ ಸಾವುಗಳು ಹೆಚ್ಚಿದ್ದವು. ಆಮೇಲಿನ ಇನ್ನೊಂದು ಅಧ್ಯಯನದಲ್ಲಿ ಆ ಅಪಾಯ ಕಾಣಿಸಲಿಲ್ಲ, ಆದರೂ ಎಕೊ ನೋಡದೆ ಆ ಮಷಿನ್ ಬರೆದುಕೊಡಬಾರದು ಎಂಬ ಎಚ್ಚರ ಉಳಿದುಕೊಂಡಿದೆ. ಲಕ್ಷಗಟ್ಟಲೆ ಹಣದ ಮಾತು ಬೇರೆ. ಪ್ರೆಶರ್ ಇಳಿಸಿದರೆ, ಮಾತ್ರೆ ಬದಲಿಸಿದರೆ ಸರಿಹೋಗಬಹುದಾದ್ದಕ್ಕೆ ಈಗಲೇ ಅಷ್ಟು ದೂರ ಹೋಗುವುದೇಕೆ?

ಇನ್ನು ನಿಮ್ಮಿಬ್ಬರ ರಾತ್ರಿಗಳ ವಿಷಯ. ವೈದ್ಯರನ್ನು ಕಾಣುವ ತನಕ ದಿನಾ ಬೆಳಿಗ್ಗೆ ಸ್ಕ್ರೀನ್ ನೋಡುವುದನ್ನು ಬಿಡಿ. ಒಂದು ದಿನದ ಅಂಕಿ ಏರಿಳಿಯುವುದು ಸಹಜ, ವೈದ್ಯರಿಗೂ ಬೇಕಾಗಿರುವುದು ವಾರಗಳ ಲೆಕ್ಕವೇ. ಮಷಿನ್ನಿನೊಳಗೆ ಸಣ್ಣ ಕಾರ್ಡ್ ಇದ್ದರೆ ಅದರಲ್ಲಿ ರಾತ್ರಿಯ ನಿಮಿಷ ನಿಮಿಷದ ದಾಖಲೆ ಇರುತ್ತದೆ, ಅದನ್ನೇ ತೆಗೆದುಕೊಂಡು ಹೋಗಿ. ನಿಮ್ಮ ಮನೆಯವರ ಕೈ ಎದೆ ಮೇಲೆ ಬಿದ್ದಾಗಲೆಲ್ಲ ನಿಮಗೂ ಎಚ್ಚರ, ಅವರಿಗೂ ಎಚ್ಚರ. ‘ನೀನು ಕಾಯಬೇಡ’ ಎಂದರೆ ಅವರು ಕೇಳುವುದಿಲ್ಲ, ನಾನಾದರೂ ಕೇಳುತ್ತಿರಲಿಲ್ಲ. ಅದರ ಬದಲು ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ. ನೀವು ಅಂಗಾತ ಮಲಗಿದಾಗ ತಡೆ ಹೆಚ್ಚೋ, ಬಾಯಿ ತೆರೆಯುತ್ತದೆಯೋ, ಮಾಸ್ಕ್ ಯಾವ ಹೊತ್ತಿಗೆ ಜಾರುತ್ತದೆ, ಇದೆಲ್ಲ ಗೊತ್ತಿರುವುದು ಅವರಿಗೊಬ್ಬರಿಗೇ. ವೈದ್ಯರ ಬಾಯಿಂದ ಉತ್ತರ ಅವರೂ ಕೇಳಿಸಿಕೊಂಡರೆ ರಾತ್ರಿ ಪಹರೆ ತಾನಾಗಿ ಸಡಿಲವಾಗುತ್ತದೆ. ಅಷ್ಟಾದರೂ ಮಲಗುವ ಹೊತ್ತಿಗೆ ಎದೆ ಡವಗುಟ್ಟುವುದು ನಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಎದೆನೋವು, ಎಚ್ಚರವಾದ ಮೇಲೂ ತಗ್ಗದ ಏದುಸಿರು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ಒಂದು ಕಡೆಯ ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದೇ ಕಂಡರೂ ಅಂಕಿ ನೋಡುತ್ತ ಕೂರದೆ 108ಕ್ಕೆ ಫೋನ್ ಮಾಡಬೇಕು. ಹಗಲು ತೂಕಡಿಕೆ ಪೂರ್ತಿ ಹೋಗುವವರೆಗೆ ಘಾಟಿ ರಸ್ತೆಯಲ್ಲಿ ನೀವು ಗಾಡಿ ಓಡಿಸಬೇಡಿ, ಆಸ್ಪತ್ರೆಗೂ ಮಗನೇ ಕರೆದುಕೊಂಡು ಹೋಗಲಿ.

ನೀವು ಕೇಳಿಲ್ಲ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಕಥೆ ನನಗೂ ಗೊತ್ತು. ಮಷಿನ್ ತಟ್ಟನೆ ನಿಂತರೆ ಮಾಸ್ಕಿನೊಳಗೆ ಉಸಿರುಗಟ್ಟಿ ಹೋಗುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಮಾಸ್ಕಿನಲ್ಲಿ ಗಾಳಿ ಆಡಲು ತೂತುಗಳನ್ನು ಇಟ್ಟಿರುತ್ತಾರೆ, ಸೆಕೆ ಎನಿಸಿ ನೀವೇ ಎದ್ದು ತೆಗೆಯುತ್ತೀರಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಮಷಿನ್ ಅದಕ್ಕೆ ಜೋಡಿಸಿ. ನೀರು ಕಾಯಿಸುವ ಹ್ಯೂಮಿಡಿಫೈಯರ್ ಮತ್ತು ಬಿಸಿ ಕೊಳವೆಯೇ ಹೆಚ್ಚು ಕರೆಂಟು ತಿನ್ನುವುದರಿಂದ, ಕರೆಂಟು ಹೋಗುವ ರಾತ್ರಿ ಅವೆರಡನ್ನು ಆಫ್ ಮಾಡಿಟ್ಟರೆ ಬ್ಯಾಟರಿ ಬೆಳಗಿನವರೆಗೆ ಬರುವ ಸಾಧ್ಯತೆ ಹೆಚ್ಚು.