ಹೊರಗುತ್ತಿಗೆಗೆ ಮುನ್ನ ವೆಚ್ಚದ ಅಂದಾಜು

ಉದ್ದೇಶ: ಶೇಕಡಾ ಲೆಕ್ಕವನ್ನು ಬಲ್ಲ ಪ್ರೌಢಶಾಲಾ ವಿದ್ಯಾರ್ಥಿಗಳು, ಎರಡು ವೆಚ್ಚಗಳನ್ನು ಹೋಲಿಸುವಾಗ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸ್ವತಃ ವಿವೇಚಿಸುವಂತಾಗುವುದು.

ಪದಪರಿಚಯ: ಸೊಲ್ಲಾಪುರದ ಮಗು ‘ಕಂತ್ರಾಟ’ ಎಂಬುದನ್ನೂ ಕಾಸರಗೋಡಿನ ಮಗು ‘ಕರಾರು’ ಎಂಬುದನ್ನೂ ತಾಳವಾಡಿಯ ಮಗು ‘ಒಪ್ಪಂದಂ’ ಎಂಬುದನ್ನೂ ಕೇಳಿರುತ್ತದೆ. ಅಲ್ಲಿಂದಲೇ ಆರಂಭಿಸಿ ಗುತ್ತಿಗೆ, ಹೊರಗುತ್ತಿಗೆ, ಪರೋಕ್ಷ ವೆಚ್ಚ ಎಂಬ ಪದಗಳಿಗೆ ಕರೆದೊಯ್ಯಿರಿ. ಕಚೇರಿಯ ಬಾಡಿಗೆ, ಲೆಕ್ಕಪತ್ರ, ಮೇಲಧಿಕಾರಿಗಳ ಸಂಬಳ ಮುಂತಾಗಿ ಹಲವು ಕೆಲಸಗಳಿಗೆ ಸಾಮಾನ್ಯವಾಗಿ ತಗಲುವ ಖರ್ಚೇ ಪರೋಕ್ಷ ವೆಚ್ಚ.

ಹಿನ್ನೆಲೆ: ಖಾಸಗಿಯವರಿಂದ ಪಡೆಯಬಹುದಾದ ವಾಣಿಜ್ಯ ಸ್ವರೂಪದ ಕೆಲಸವನ್ನು ಸರ್ಕಾರವು ತಾನೇ ಕೈಗೊಳ್ಳಬಾರದೆಂಬ ನೀತಿಯನ್ನು ಅಮೆರಿಕ ಸಂಯುಕ್ತ ಸಂಸ್ಥಾನವು 1955ರಲ್ಲಿ ಪ್ರಕಟಿಸಿತು. 1966ರಲ್ಲಿ ಅದು ‘ಎ-76’ ಎಂಬ ಸುತ್ತೋಲೆಯ ರೂಪ ತಾಳಿತು. ಸೇನಾನೆಲೆಗಳ ಅಡುಗೆ, ಬಟ್ಟೆ ಒಗೆತ, ಕಟ್ಟಡಗಳ ದುರಸ್ತಿ ಮುಂತಾದವು ಇದರ ವ್ಯಾಪ್ತಿಗೆ ಬಂದವು. ಸರ್ಕಾರದ ಅಧಿಕಾರವನ್ನೇ ಚಲಾಯಿಸುವ ಕಾರ್ಯಗಳನ್ನು ಹೊರಗಿಡಲಾಯಿತು. 2003ರ ಪರಿಷ್ಕೃತ ನಿಯಮದಂತೆ ಸರ್ಕಾರಿ ಸಿಬ್ಬಂದಿ ವೆಚ್ಚದ ಶೇ. 12ನ್ನು ಪರೋಕ್ಷ ವೆಚ್ಚವೆಂದು ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಸೇರಿಸಬೇಕಿತ್ತು. ಸಿಬ್ಬಂದಿ ವೆಚ್ಚದ ಶೇ. 10 ಅಥವಾ 1 ಕೋಟಿ ಡಾಲರ್, ಇವೆರಡರಲ್ಲಿ ಕಡಿಮೆಯಾದಷ್ಟಾದರೂ ಉಳಿತಾಯವಿದ್ದರೆ ಮಾತ್ರ ಕೆಲಸವು ಕೈ ಬದಲಾಗಬಹುದಿತ್ತು.

ಮಾದರಿ ಲೆಕ್ಕ: ಇದು ಕಲ್ಪಿತ; ಅಂಕಿಗಳು ಲಕ್ಷ ಡಾಲರುಗಳಲ್ಲಿವೆ. ಒಂದು ಸೇನಾನೆಲೆಯ ಕಟ್ಟಡ ನಿರ್ವಹಣೆಗೆ ಸಿಬ್ಬಂದಿ ವೆಚ್ಚ 100, ಸಾಮಗ್ರಿ 20, ಪರೋಕ್ಷ ವೆಚ್ಚ 12; ಒಟ್ಟು 132. ಗುತ್ತಿಗೆದಾರನ ಟೆಂಡರ್ ಮೊತ್ತ 110. ಗುತ್ತಿಗೆಯ ಮೇಲ್ವಿಚಾರಣೆಗೆ 5, ಬದಲಾವಣೆಯ ಏಕಕಾಲದ ಖರ್ಚು 4 ಸೇರಿಸಿ, ಅವನಿಂದ ಸರ್ಕಾರಕ್ಕೆ ಮರಳುವ ತೆರಿಗೆ 1ನ್ನು ಕಳೆದರೆ 118. ಕನಿಷ್ಠ ಉಳಿತಾಯದ 10ನ್ನು ಕೂಡಿಸಿದರೂ 128. ಆದ್ದರಿಂದ ಗುತ್ತಿಗೆದಾರನೇ ಗೆದ್ದನು.

ಇಲ್ಲಿ ಮಕ್ಕಳನ್ನು ತಡೆದು ಕೇಳಿರಿ: ಕೆಲಸವು ಹೊರಗೆ ಹೋದ ಮಾತ್ರಕ್ಕೆ ನೆಲೆಯ ಮುಖ್ಯಾಧಿಕಾರಿಯ ಕಚೇರಿ ಮುಚ್ಚುವುದೇ? ಲೆಕ್ಕಪತ್ರ ಶಾಖೆಯ ಬಾಡಿಗೆ ತಪ್ಪುವುದೇ? ಪರೋಕ್ಷ ವೆಚ್ಚದಲ್ಲಿ ನಿಜವಾಗಿ ತಪ್ಪುವುದು 3 ಮಾತ್ರವಾದರೆ ಸರ್ಕಾರಿ ವೆಚ್ಚ 123 ಆಗುತ್ತದೆ, ತೀರ್ಪು ತಿರುಗಿಬೀಳುತ್ತದೆ. ಕೆಲವೆಡೆ ಅದು 12ಕ್ಕಿಂತ ಹೆಚ್ಚೂ ಇರಬಹುದು. ಕೆಲಸವನ್ನು ಬಿಟ್ಟರೆ ತಪ್ಪುವ ವೆಚ್ಚವನ್ನು ಮಾತ್ರ ಹೋಲಿಕೆಗೆ ತರಬೇಕು. ಬಿಟ್ಟರೂ ತಪ್ಪದ ವೆಚ್ಚವನ್ನು ಉಳಿತಾಯವೆಂದು ಬರೆಯಬಾರದು. ಪಾಠದ ತಿರುಳು ಇದೇ.

ಲೆಕ್ಕಕ್ಕೆ ಸಿಗದ ವೆಚ್ಚ: ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ನಿರ್ವಹಣೆ ಕುರಿತ ಇಂಥ ಹೋಲಿಕೆ 2000ರಲ್ಲಿ ಆರಂಭವಾಯಿತು; ಗುತ್ತಿಗೆದಾರರು ಕೆಲಸ ವಹಿಸಿಕೊಂಡದ್ದು 2007ರ ಫೆಬ್ರವರಿಯಲ್ಲಿ. ಆ ಅನಿಶ್ಚಿತತೆಯ ನಡುವೆ ಸುಮಾರು 300 ಇದ್ದ ಸರ್ಕಾರಿ ನಿರ್ವಹಣಾ ಸಿಬ್ಬಂದಿ 60ಕ್ಕಿಂತ ಕೆಳಗಿಳಿದರೆಂದು ಸಂಸತ್ತಿನ ಸಮಿತಿಯ ವಿಚಾರಣೆಯ ವೇಳೆ ಬೆಳಕಿಗೆ ಬಂತು. ಗಾಯಾಳು ಸೈನಿಕರು ವಾಸವಿದ್ದ ಕಟ್ಟಡವೊಂದರ ಬೂಷ್ಟು ಹಿಡಿದ ಗೋಡೆಗಳು ಅದೇ ವರ್ಷ ಸುದ್ದಿಯಾದವು. ಅನುಭವಿ ಕೆಲಸಗಾರರು ತೊರೆದು ಹೋಗುವ ನಷ್ಟಕ್ಕೆ ಅಂದಾಜು ಪಟ್ಟಿಯಲ್ಲಿ ಕಲಮೇ ಇರಲಿಲ್ಲ. 2009ರಲ್ಲಿ ಅಮೆರಿಕದ ಸಂಸತ್ತು ಇಂಥ ಹೊಸ ಹೋಲಿಕೆಗಳನ್ನು ಸರ್ಕಾರದಾದ್ಯಂತ ತಡೆಹಿಡಿಯಿತು.

ಅಭ್ಯಾಸ
1. ಮಾದರಿ ಲೆಕ್ಕದಲ್ಲಿ ಪರೋಕ್ಷ ವೆಚ್ಚ ಎಷ್ಟಾದರೆ ಎರಡೂ ಪಕ್ಷಗಳು ಸಮವಾಗುತ್ತವೆ? (ಉತ್ತರ: 8)
2. ಶಾಲೆಯ ಶುಚೀಕರಣವನ್ನು ಗುತ್ತಿಗೆಗೆ ಕೊಟ್ಟರೆ ತಪ್ಪುವ ಮತ್ತು ತಪ್ಪದ ವೆಚ್ಚಗಳನ್ನು ಎರಡು ಪಟ್ಟಿಗಳಲ್ಲಿ ಬರೆಯಿರಿ.
3. ಹಣದಲ್ಲಿ ಅಳೆಯಲಾಗದ ಒಂದು ನಷ್ಟವನ್ನು ಗುರುತಿಸಿ, ನಾಲ್ಕು ವಾಕ್ಯಗಳಲ್ಲಿ ವಿವರಿಸಿರಿ.

ಶಿಕ್ಷಕರಿಗೆ ಸೂಚನೆ: ಹೊರಗುತ್ತಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಮಾನವನ್ನು ನೀವು ಕೊಡಬೇಡಿರಿ. ತರಗತಿಯಲ್ಲಿ ಹೊರಗುತ್ತಿಗೆ ಕಾರ್ಮಿಕರ ಮಕ್ಕಳೂ ಇರಬಹುದು. ಚರ್ಚೆಯು ಕೆಲಸಗಾರರನ್ನು ಹಳಿಯುವತ್ತ ಸಾಗದೆ ಲೆಕ್ಕವನ್ನು ಪರಿಶೀಲಿಸುವತ್ತ ಸಾಗಲಿ.