ಕಾಂಬೊದ ಅರ್ಧ ಗೆಳೆಯರ ಕೈಯಲ್ಲಿರಲಿ

ತಮ್ಮಾ, ನೀನು ಕಳಿಸಿದ ಡೆಕ್‌ನ ಪಟ್ಟಿಯನ್ನು ನಿಧಾನವಾಗಿ ಓದಿದೆ. ಬುದ್ಧಿ ಖರ್ಚು ಮಾಡಿ ಕಟ್ಟಿದ್ದೀಯ. ನಿನ್ನ ಕಾಂಬೊದ, ಎಂದರೆ ಒಂದಕ್ಕೊಂದು ಸೇರಿದಾಗ ಬಲ ಹೆಚ್ಚುವ, ಆ ಮೂರು ಎಲೆ ಒಟ್ಟಿಗೆ ಕೈಗೆ ಬಂದರೆ ಯಾವ ಶತ್ರುವೂ ನಿನ್ನೆದುರು ನಿಲ್ಲಲಾರ. ಆದರೆ ನೀನು ಆಡುತ್ತಿರುವುದು ರಮ್ಮಿಯಲ್ಲ. ಇಲ್ಲಿ ನಾಲ್ವರೂ ಒಂದೇ ಪಕ್ಷ. ಎದುರಾಳಿ ಪೆಟ್ಟಿಗೆಯೊಳಗಿನ ಎಲೆಗಳಲ್ಲಿದ್ದಾನೆ. ಗೆದ್ದರೆ ನಾಲ್ವರ ಗೆಲುವು, ಸೋತರೆ ನಾಲ್ವರ ಸೋಲು. ನಿನ್ನ ಪಟ್ಟಿಯ ಪ್ರಕಾರ, ನಿನಗೆ ಬೇಕಾದ ಎಲೆ ಬರುವ ತನಕ ಉಳಿದ ಮೂವರಿಗೆ ಪೆಟ್ಟು ತಿನ್ನುವುದೊಂದೇ ಕೆಲಸ. ಅದಕ್ಕೇ ಈ ಕಾಗದ.

ನಿನ್ನ ಓರಗೆಯ ಬೇರೆ ಮಕ್ಕಳೂ ಇದನ್ನು ಓದಬಹುದು, ಆದ್ದರಿಂದ ಆಟದ ಕಟ್ಟಳೆ ಮೊದಲು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್: ದಿ ಕಾರ್ಡ್ ಗೇಮ್’ ಬಂದದ್ದು 2011ರಲ್ಲಿ, ರೂಪಿಸಿದವರು ನೇಟ್ ಫ್ರೆಂಚ್, ಹೊರತಂದದ್ದು ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್. ಪ್ರತಿಯೊಬ್ಬರೂ ಹೆಚ್ಚೆಂದರೆ ಮೂವರು ಹೀರೋಗಳನ್ನು ಆರಿಸಿಕೊಂಡು, ಕಡಿಮೆಯೆಂದರೆ 50 ಎಲೆಗಳ ಡೆಕ್ ಕಟ್ಟಬೇಕು. ಒಂದೇ ಹೆಸರಿನ ಎಲೆ ಮೂರಕ್ಕಿಂತ ಹೆಚ್ಚು ಇರಬಾರದು. ಶುರುವಿಗೆ 6 ಎಲೆ, ಆಮೇಲೆ ಸುತ್ತಿಗೊಂದು. ಒಬ್ಬ ಹೀರೋಗೆ ಸುತ್ತಿಗೊಂದು ರಿಸೋರ್ಸ್. ಎಲೆ ಇಳಿಸುವುದಕ್ಕೆ ಅದೇ ದುಡ್ಡು. ಥ್ರೆಟ್ ಎಂಬ ಅಂಕ ಸುತ್ತು ಮುಗಿದಂತೆಲ್ಲ ಒಂದೊಂದು ಏರುತ್ತದೆ, 50 ಮುಟ್ಟಿದವನು ಆಟದಿಂದ ಹೊರಗೆ. ಅಂದರೆ ಕಾಯುತ್ತ ಕೂರುವುದಕ್ಕೆ ಈ ಆಟದಲ್ಲಿ ಬೆಲೆ ತೆರಬೇಕು.

ಈಗ ಲೆಕ್ಕ. ನಾನು ಬಾಳೆಲ್ಲ ಗಣಿತ ಕಲಿಸಿದವನು, ಲೆಕ್ಕ ಬಿಟ್ಟು ಸಲಹೆ ಕೊಡಲಾರೆ. 50ರಲ್ಲಿ ಒಂದು ಎಲೆಯ ಮೂರು ಪ್ರತಿ ಇದ್ದರೆ, ಮೊದಲ ಆರರಲ್ಲಿ ಅದು ಒಂದಾದರೂ ಬರುವ ಸಾಧ್ಯತೆ ಶೇಕಡಾ 32. ಎರಡು ಬೇರೆ ಬೇರೆ ಎಲೆಗಳು, ತಲಾ ಮೂರು ಪ್ರತಿ, ಎರಡೂ ಬರಬೇಕೆಂದರೆ ಅದು ಶೇಕಡಾ 9ಕ್ಕೆ ಇಳಿಯುತ್ತದೆ. ನಿನ್ನ ಕಾಂಬೊದಂತೆ ಮೂರೂ ಬೇಕೆಂದರೆ ಶೇಕಡಾ 2. ಐವತ್ತು ಸಲ ಆಡಿದರೆ ಒಂದು ಸಲ, ಅಷ್ಟೇ. ಕೈ ಸರಿ ಬರದಿದ್ದರೆ ಒಮ್ಮೆ ಪೂರ್ತಿ ವಾಪಸ್ ಹಾಕಿ ಕಲಸಿ ಹೊಸದಾಗಿ ಆರು ಎತ್ತಬಹುದು. ಅದರಿಂದ ಸ್ವಲ್ಪ ಹೆಚ್ಚುತ್ತದೆ, ಆದರೆ ಎರಡನೆಯ ಸಲ ಬಂದದ್ದನ್ನು ಇಟ್ಟುಕೊಳ್ಳಲೇಬೇಕು. ಮೂರು ಎಲೆಯ ಕಾಂಬೊ ಕಾಗದದ ಮೇಲೆ ಚೆಂದ. ಮೇಜಿನ ಮೇಲೆ ಎರಡು ಎಲೆಯದೇ ಲೇಸು.

ಆ ಎರಡು ಎಲೆಗಳನ್ನಾದರೂ ಬೇಗ ತರಿಸುವುದು ಹೇಗೆ? ಇಲ್ಲಿ ನಿನ್ನ ಪಟ್ಟಿಯಲ್ಲಿ ಕಾಣದ ಒಂದು ಹೆಸರು ಹೇಳುತ್ತೇನೆ: ಬೆರಾವೋರ್. ಲೋರ್ ಬಣದ ಹೀರೋ. ಅವಳನ್ನು ದಣಿಸಿ, ಎಂದರೆ ಆ ಸುತ್ತಿನ ಮಟ್ಟಿಗೆ ಖರ್ಚು ಮಾಡಿ, ಯಾರಾದರೂ ಒಬ್ಬ ಆಟಗಾರನಿಗೆ ಎರಡು ಎಲೆ ಎತ್ತಿಸಬಹುದು. ಯಾರಾದರೂ ಎಂದರೆ ಯಾರಾದರೂ. ಅವಳು ನಿನ್ನ ಡೆಕ್‌ನಲ್ಲೇ ಇರಬೇಕಾಗಿಲ್ಲ. ಅವಳಿಲ್ಲದೆ ಮೂರನೆಯ ಸುತ್ತಿಗೆ ನೀನು ಒಂಬತ್ತು ಎಲೆ ನೋಡಿರುತ್ತೀಯ, ನಿನ್ನ ಎರಡೂ ಎಲೆ ಅಷ್ಟರೊಳಗೆ ಬಂದಿರುವ ಸಾಧ್ಯತೆ ಸುಮಾರು ಶೇಕಡಾ 20. ಗೆಳತಿಯೊಬ್ಬಳು ತನ್ನ ಬೆರಾವೋರ್‌ಳನ್ನು ಪ್ರತಿ ಸುತ್ತೂ ನಿನಗಾಗಿ ಖರ್ಚು ಮಾಡಿದರೆ ಅದೇ ಹೊತ್ತಿಗೆ ಹದಿನೈದು ಎಲೆ, ಸಾಧ್ಯತೆ ಶೇಕಡಾ 43. ನಿನ್ನ ಡೆಕ್‌ನಲ್ಲಿ ಒಂದೆಲೆಯನ್ನೂ ಬದಲಿಸದೆ ಕಾಂಬೊದ ವೇಗ ಎರಡು ಪಟ್ಟಿಗಿಂತ ಹೆಚ್ಚಾಯಿತು. ಇಷ್ಟು ದೊಡ್ಡ ಲಾಭವನ್ನು ನೀನೊಬ್ಬನೇ ರಾತ್ರಿ ಕೂತು ಪಟ್ಟಿ ತಿದ್ದಿ ಎಂದೂ ಪಡೆಯಲಾರೆ. ಹಾಗೆಂದು ಇದಕ್ಕೂ ಮಿತಿ ಇದೆ: ದಣಿದ ಹೀರೋವನ್ನು ಮತ್ತೆ ಎಬ್ಬಿಸುವ ಎಲೆಗಳ ಜೊತೆ ಸೇರಿಸಿ ಒಂದೇ ಸುತ್ತಿನಲ್ಲಿ ಬೆರಾವೋರ್‌ಳಿಂದ ಮತ್ತೆ ಮತ್ತೆ ಎಲೆ ಎತ್ತುವವರು ಹೆಚ್ಚಿದಾಗ, ಸುತ್ತಿಗೊಮ್ಮೆ ಮಾತ್ರ ಎಂದು ತಿದ್ದುಪಡಿ ಬಂತು.

ಎರಡು ಎಲೆಯ ಕಾಂಬೊಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಸ್ನೀಕ್ ಅಟ್ಯಾಕ್ ಮತ್ತು ಗ್ಯಾಂಡಾಲ್ಫ್. ಗ್ಯಾಂಡಾಲ್ಫ್‌ನನ್ನು ನೇರವಾಗಿ ಇಳಿಸಲು ಐದು ರಿಸೋರ್ಸ್ ಬೇಕು, ಸುತ್ತಿನ ಕೊನೆಗೆ ಅವನು ಹೋಗಿಬಿಡುತ್ತಾನೆ. ಸ್ನೀಕ್ ಅಟ್ಯಾಕ್‌ಗೆ ಬೇಕಾದದ್ದು ಒಂದೇ. ಕೈಯಲ್ಲಿರುವ ಸಂಗಾತಿಯೊಬ್ಬನನ್ನು ಸುತ್ತಿನ ಆ ಹಂತದ ಮಟ್ಟಿಗೆ ಮೇಜಿಗಿಳಿಸಿ, ಹಂತ ಮುಗಿದಾಗ ವಾಪಸ್ ಕೈಗೆ ತಂದುಕೊಡುತ್ತದೆ. ಇಳಿದಾಗಲೆಲ್ಲ ಗ್ಯಾಂಡಾಲ್ಫ್ ಮೂರರಲ್ಲೊಂದು ಉಪಕಾರ ಮಾಡುತ್ತಾನೆ: ಮೂರು ಎಲೆ ಎತ್ತಿಸುತ್ತಾನೆ, ಇಲ್ಲವೇ ಒಬ್ಬ ಶತ್ರುವಿಗೆ 4 ಪೆಟ್ಟು, ಇಲ್ಲವೇ ನಿನ್ನ ಥ್ರೆಟ್ 5 ಕಡಿಮೆ. ಇದು ಎಲ್ಲರೂ ಬಲ್ಲದ್ದು. ಇದರ ಮೂರನೆಯ ಭಾಗ ಬೇರೆಯವರ ಕೈಯಲ್ಲಿರುವುದನ್ನು ಕಡಿಮೆ ಜನ ನೋಡುತ್ತಾರೆ.

ಉದಾಹರಣೆಗೆ, ಆಟದ ಎರಡನೆಯ ಸಾಹಸದಲ್ಲಿ, ಆಂಡುಯಿನ್ ನದಿಯ ದಾರಿಯಲ್ಲಿ, ಬೆಟ್ಟದ ಟ್ರೋಲ್ ಶುರುವಿನಲ್ಲೇ ಎದುರು ನಿಂತಿರುತ್ತದೆ. ದಾಳಿ 6, ರಕ್ಷಣೆ 3, ಜೀವ 9. ಅರಗಾರ್ನ್, ಥಿಯೊಡ್ರೆಡ್, ಗ್ಲೋಯಿನ್ ಮೂವರು ಹೀರೋಗಳನ್ನಿಟ್ಟುಕೊಂಡವನ ಥ್ರೆಟ್ ಶುರುವಾಗುವುದು 29ಕ್ಕೆ. ಟ್ರೋಲ್ ತಾನಾಗಿ ಮೈಮೇಲೆ ಬರುವುದು 30ಕ್ಕೆ. ಒಂದು ಸುತ್ತಿನ ಬಿಡುವು ಸಿಗುತ್ತದೆ. ಆ ಮೂವರು ನಿನ್ನವರು, ಬಿಡುವು ಮುಗಿದ ಮೇಲೆ ಟ್ರೋಲ್ ನಿನ್ನ ಮೇಲೆ ಬಂತು ಅನ್ನು. ಪಕ್ಕದ ಗೆಳೆಯನ ಡೆಕ್ ಟ್ಯಾಕ್ಟಿಕ್ಸ್ ಬಣದ್ದು, ಅವನ ಬಳಿ ಲೆಗೊಲಾಸ್ ಇದ್ದಾನೆ. ಅವನು ಒಂದು ರಿಸೋರ್ಸ್ ಕೊಟ್ಟು ಫೇಂಟ್ ಎಂಬ ಎಲೆ ಹಾಕುತ್ತಾನೆ. ಟ್ರೋಲ್ ಈ ಸಲ ನಿನ್ನನ್ನು ಹೊಡೆಯುವಂತಿಲ್ಲ. ನೀನು ಒಂದು ರಿಸೋರ್ಸ್‌ಗೆ ಸ್ನೀಕ್ ಅಟ್ಯಾಕ್ ಹಾಕಿ ಗ್ಯಾಂಡಾಲ್ಫ್‌ನನ್ನು ಇಳಿಸುತ್ತೀಯ, 4 ಪೆಟ್ಟು, ಟ್ರೋಲ್‌ಗೆ ಉಳಿದದ್ದು 5. ಆಮೇಲೆ ಗ್ಯಾಂಡಾಲ್ಫ್ 4, ಅರಗಾರ್ನ್ 3, ದೂರದಿಂದ ಬಾಣ ಬಿಡುವ ಗುಣವಿರುವುದರಿಂದ ಲೆಗೊಲಾಸ್ 3 ಸೇರಿ ದಾಳಿ 10. ರಕ್ಷಣೆಯ 3 ಕಳೆದರೂ 7. ಟ್ರೋಲ್ ಸತ್ತಿತು. ಯಾರಿಗೂ ಗಾಯವಿಲ್ಲ, ಇಬ್ಬರಿಂದ ಆದ ಖರ್ಚು ಒಟ್ಟು ಎರಡು ರಿಸೋರ್ಸ್, ಗ್ಯಾಂಡಾಲ್ಫ್ ಮತ್ತೆ ನಿನ್ನ ಕೈಯಲ್ಲಿ. ಫೇಂಟ್ ಇಲ್ಲದಿದ್ದರೆ ನಿನ್ನ ಕಡೆಯ ಯಾರಾದರೂ ಆ ಪೆಟ್ಟು ತಿನ್ನಬೇಕಿತ್ತು. ಫೇಂಟನ್ನು ನಿನ್ನ ಡೆಕ್‌ಗೇ ತುರುಕಲು ಹೋಗಿದ್ದರೆ ಇನ್ನೊಂದು ಬಣದ ಹೀರೋನನ್ನು ತರಬೇಕಿತ್ತು, ಎಲೆಗಳೂ ದುಡ್ಡೂ ಎರಡು ಕಡೆ ಒಡೆಯುತ್ತಿದ್ದವು.

ಇಂಥ ಜೋಡಣೆಯನ್ನು ಆಟ ತಾನೇ ಬಯಸುತ್ತದೆ ಎನ್ನುವುದಕ್ಕೆ ಹೀರೋ ಎಯೋವಿನ್‌ಳ ಎಲೆ ಓದು. ಕೈಯಿಂದ ಒಂದೆಲೆ ಬಿಟ್ಟರೆ ಅವಳ ಮನೋಬಲ ಒಂದು ಹೆಚ್ಚುತ್ತದೆ. ಅದನ್ನು ಮೇಜಿನಲ್ಲಿರುವ ಪ್ರತಿಯೊಬ್ಬ ಆಟಗಾರನೂ ಸುತ್ತಿಗೊಮ್ಮೆ ಮಾಡಬಹುದು. ನಿನ್ನ ಕೈಯಲ್ಲಿ ಕೆಲಸಕ್ಕೆ ಬಾರದೆ ಬಿದ್ದ ಎಲೆ ಅವಳ ಬಲವಾಗುತ್ತದೆ. ಇಡೀ ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಎಲೆ ಅದು.

ಎರಡು ಎಲೆಯ ಕಾಂಬೊಗೆಂದು ಆರು ಎಲೆ ಹೋದರೆ ಉಳಿಯುವುದು ನಲವತ್ತನಾಲ್ಕು. ನಿನ್ನ ಪಟ್ಟಿಯಲ್ಲಿ ನೀನು ಉಳಿದ ಜಾಗವನ್ನೆಲ್ಲ ಕಾಂಬೊ ಹುಡುಕುವ ಎಲೆಗಳಿಂದಲೇ ತುಂಬಿದ್ದೀಯ. ಮೊದಲ ಸುತ್ತಿನಲ್ಲಿ ಇಳಿಸಲು ಅಗ್ಗದ ಸಂಗಾತಿಗಳು ಇರಲಿ, ಎರಡು ರಿಸೋರ್ಸ್ ದಾಟದವರು. ಕಾಂಬೊ ಬಾರದ ದಿನವೂ ಡೆಕ್ ತನ್ನ ಪಾಲಿನ ಕೆಲಸ ಮಾಡಬೇಕು. ಇನ್ನೊಂದು ಮಾತು, 50 ಎಂದರೆ 50. ಇಷ್ಟವಾದ ಎಲೆಗಳನ್ನು ಬಿಡಲಾರದೆ 60 ಮಾಡಿದರೆ ಆಗ ಹೇಳಿದ ಶೇಕಡಾ 32 ಎಂಬುದು 28ಕ್ಕೂ ಕೆಳಗೆ ಇಳಿಯುತ್ತದೆ.

ಪಟ್ಟಿಯನ್ನು ಒಬ್ಬನೇ ಮಾಡಬಾರದು ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣವಿದೆ. ಹೆಸರಿನ ಮುಂದೆ ವಿಶಿಷ್ಟ ಎಂಬ ಗುರುತಿರುವ ಎಲೆ ಇಡೀ ಮೇಜಿಗೆ ಒಂದೇ. ಸುತ್ತಿಗೆ ಎರಡು ರಿಸೋರ್ಸ್ ಹೆಚ್ಚು ಕೊಡುವ ಸ್ಟೀವರ್ಡ್ ಆಫ್ ಗೊಂಡೋರ್ ಅಂಥದ್ದು. ಅದನ್ನು ಒಬ್ಬರು ಇಳಿಸಿದರೆ ಉಳಿದವರ ಕೈಯಲ್ಲಿನ ಪ್ರತಿಗಳು ಸತ್ತ ಎಲೆಗಳು. ಜೊತೆಗೆ ನಿಮ್ಮ ನಾಲ್ವರಿಗೂ ಇರುವುದು ಒಂದೇ ಸಂಗ್ರಹ. ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದಂತೆ ಪ್ಯಾಕೆಟ್ ಒಡೆದು ಅದೃಷ್ಟ ನೋಡುವ ವ್ಯಾಪಾರ ಇಲ್ಲಿಲ್ಲ, ಒಳಗೆ ಏನಿದೆ ಎಂಬುದು ಮೊದಲೇ ಗೊತ್ತು. ಹಾಗಾಗಿ ತಲಾ ಒಂದು ಪೆಟ್ಟಿಗೆ ಕೊಳ್ಳುವುದು ಬೇಡ. ಇರುವ ಎಲೆಗಳನ್ನೇ ಹಂಚಿಕೊಂಡು ಕಟ್ಟಿ. ಉಳಿದ ದುಡ್ಡಿನಲ್ಲಿ ಎಲೆಗಳಿಗೆ 63.5ಕ್ಕೆ 88 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಕವಚ ತನ್ನಿ. ಮಳೆಗಾಲದ ತೇವಕ್ಕೆ ಬರಿ ಎಲೆ ಬಾಗುತ್ತದೆ, ಇರಾನಿ ಚಾಯ್ ಚೆಲ್ಲಿದರಂತೂ ಕೇಳಬೇಡ.

ಎಲೆಯಾಟ ಎಂದ ಕೂಡಲೇ ನಿಮ್ಮಪ್ಪನಿಗೆ ಜೂಜು ನೆನಪಾಗುವುದು ಸಹಜ. ತೆಲಂಗಾಣದಲ್ಲಿ 2017ರಿಂದ ದುಡ್ಡಿಟ್ಟಾಡುವ ಆನ್‌ಲೈನ್ ರಮ್ಮಿಗೆ ನಿಷೇಧವಿದೆ. ನಿಮ್ಮ ಆಟದಲ್ಲಿ ದುಡ್ಡಿಡುವ ಮಾತಿಲ್ಲ ಎಂದು ತಿಳಿಸಿ, ಎಲೆಗಳ ಇನ್ನೊಂದು ಚರಿತ್ರೆಯನ್ನೂ ಅವನಿಗೆ ಹೇಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಂಬ ಹಳೆಯ ಎಲೆಯಾಟದಲ್ಲಿ ತಾವೇ ಹೊಸ ಆಟಗಳನ್ನು ರೂಪಿಸಿದ್ದರು, ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಅವುಗಳ ವಿವರವಿದೆ. ಎಲೆಗಳನ್ನು ಹೊಸದಾಗಿ ಜೋಡಿಸಿ ಯೋಚಿಸುವುದು ನಮ್ಮವರಿಗೆ ಹೊಸತಲ್ಲ.

ಈಗ ಮೇಜಿನ ನಡತೆ. ಇಪ್ಪತ್ತೆಂಟು ಎಂಬ ಎಲೆಯಾಟದಲ್ಲಿ ಜೊತೆಗಾರನಿಗೆ ಸನ್ನೆ ಮಾಡುವುದೂ ತಪ್ಪು. ಇಲ್ಲಿ ಮಾತಾಡಬಹುದು, ಮಾತಾಡಲೇಬೇಕು. ಕೈಯಲ್ಲಿರುವ ಎಲೆಯ ಹೆಸರು ಹೇಳುವಂತಿಲ್ಲ, ಅದರ ಮೇಲಿನ ಬರಹ ಓದಿ ಹೇಳುವಂತಿಲ್ಲ. ಈ ನಿಯಮವನ್ನು ಸಡಿಲಿಸಬೇಡ. ನಾಲ್ವರ ಎಲೆಗಳೂ ಗೊತ್ತಾದರೆ ಚುರುಕಾದವನೊಬ್ಬ ನಾಲ್ಕೂ ಕೈ ತಾನೇ ಆಡಿಬಿಡುತ್ತಾನೆ, ಉಳಿದವರು ಅವನ ಎಲೆ ಹಿಡಿದುಕೊಂಡು ಕೂತವರಾಗುತ್ತಾರೆ. ನಿನಗೆ ಆ ಗುಣ ಇದೆ, ತಮ್ಮಾ. ಗೆಳೆಯನೊಬ್ಬ ಯೋಚಿಸುತ್ತ ಕೂತಾಗ ಅವನ ಎಲೆಯ ಕಡೆ ನಿನ್ನ ಬೆರಳು ಹೋಗುವುದನ್ನು ನೋಡಿದ್ದೇನೆ. ನಿನಗೆ ಉತ್ತರ ಗೊತ್ತಿದ್ದರೂ ತಡೆದುಕೋ. ಅವನು ಕಡಿಮೆ ಒಳ್ಳೆಯ ಎಲೆ ಹಾಕಿದರೂ ಅದು ಅವನ ಆಟ.

ನಿನ್ನ ಮೇಜಿನಲ್ಲಿ ಒಬ್ಬನ ಮನೆಮಾತು ಉರ್ದು, ಇಬ್ಬರದು ತೆಲುಗು, ನಿನ್ನದು ಬೀದರಿನ ಕನ್ನಡ. ಹೈದರಾಬಾದಿನ ಮೆಹದಿಪಟ್ಟಣಂಗೆ ಇದು ತೀರ ಸಹಜವಾದ ಕೂಟ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ಹಿರಿಯರು ಓದಿಗೂ ನೌಕರಿಗೂ ಈ ಊರಿಗೇ ಬಂದವರು, ಕಾಚಿಗುಡದಲ್ಲಿ ನೃಪತುಂಗನ ಹೆಸರಿನಲ್ಲಿ ಕನ್ನಡ ಶಾಲೆ ನಡೆಸಿದವರು. ಮೂರು ಮಾತು ಒಟ್ಟಿಗೆ ನಡೆಯುವ ಮನೆ, ಓಣಿ ಅವರಿಗೆ ದಿನದ ಬಾಳಾಗಿತ್ತು. ಎಲೆಗಳ ಮೇಲಿರುವುದೆಲ್ಲ ಇಂಗ್ಲಿಷ್, ಅದೂ ವಕೀಲರ ಇಂಗ್ಲಿಷ್. ಆದ್ದರಿಂದ ಡೆಕ್ ಮುಗಿಸಿದ ಮೇಲೆ ಅದು ಏನು ಮಾಡುತ್ತದೆ ಎಂಬುದನ್ನು ಮೂವರಿಗೂ ತಿಳಿಯುವ ದಖನಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ನೋಡು. ಮೈ ರೋಕ್ತೂಂ, ತೂ ಮಾರ್. ನಾ ತಡೀತೀನಿ, ನೀ ಹೊಡಿ. ಇಷ್ಟು ಸರಳವಾಗಿ ಹೇಳಲು ಬಂದರೆ ಡೆಕ್ ಸರಿಯಿದೆ. ಹೇಳಲು ಹತ್ತು ನಿಮಿಷ ಬೇಕಾದರೆ, ಆ ಹತ್ತು ನಿಮಿಷ ಮೇಜಿನಲ್ಲೂ ಬೇಕಾಗುತ್ತದೆ. ಮೂವರು ಫೋನ್ ನೋಡುತ್ತ ಕೂರುತ್ತಾರೆ. ಇಂಥ ಉದ್ದನೆಯ ಸರದಿಯ ಅತಿರೇಕವೂ ಇದೆ: ಬಿಟ್ಟ ಎಲೆಗಳನ್ನು ಮತ್ತೆ ಡೆಕ್‌ಗೆ ಸೇರಿಸಿ ಕೊನೆಯಿಲ್ಲದೆ ತಿರುಗಿಸುವ ಆಟಕ್ಕೆ ಕಡಿವಾಣ ಹಾಕಲೆಂದೇ ವಿಲ್ ಆಫ್ ದಿ ವೆಸ್ಟ್ ಎಂಬ ಎಲೆಯನ್ನು, ಒಮ್ಮೆ ಬಳಸಿದ ಮೇಲೆ ಆಟದಿಂದಲೇ ತೆಗೆಯಬೇಕು ಎಂದು ತಿದ್ದಿದ್ದಾರೆ. ಆ ತಿದ್ದುಪಡಿ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ನಿನ್ನ ಮೂರು ಎಲೆಯ ಪಟ್ಟಿಯನ್ನು ಹರಿದು ಹಾಕು ಎನ್ನುವುದಿಲ್ಲ. ಒಬ್ಬನೇ ಆಡುವಾಗ ಅದನ್ನು ಬಳಸು, ಅದಕ್ಕೂ ಈ ಆಟದಲ್ಲಿ ಅವಕಾಶವಿದೆ. ಆದರೆ ಬರುವ ಭಾನುವಾರ ಮೂವರೂ ಬಂದಾಗ ಮೊದಲು ಹೀರೋಗಳನ್ನಷ್ಟೇ ಮೇಜಿನ ಮೇಲೆ ಹರಡು. ಅವರು ಆರಿಸಿಕೊಳ್ಳಲಿ. ಬೆರಾವೋರ್‌ಳನ್ನು ಯಾರು ತೆಗೆದುಕೊಳ್ಳುತ್ತಾರೆ, ಫೇಂಟ್ ಯಾರ ಬಳಿ ಇರುತ್ತದೆ ಎಂಬುದು ತಿಳಿದ ಮೇಲೆ ನಿನ್ನ ಎಲೆಗಳನ್ನು ಎಣಿಸಲು ಶುರುಮಾಡು.