ಸಾರವೆ ಮತ್ತು ಗಡಗಡೆ: ಕಟ್ಟಡ ಕೆಲಸದಲ್ಲಿ ತಿಳಿದಿರಬೇಕಾದ ಪಾಠ



ಸುಗ್ಗಿ ಮುಗಿದ ಮೇಲೆ ನಮ್ಮ ಕಮಲಾಪುರ ಭಾಗದ ಅನೇಕರು ಗೌಂಡಿಗಳ ಕೈಕೆಳಗೆ ದುಡಿಯಲು ಕಲಬುರಗಿಗೆ ಹೋಗುತ್ತಾರೆ. ಊರಲ್ಲಿ ಉಳಿದವರೂ ಮನೆ ಕಟ್ಟಿಸುತ್ತಾರೆ, ಬಾವಿಗೆ ಕಲ್ಲು ಕಟ್ಟಿಸುತ್ತಾರೆ. ಆದುದರಿಂದ ಎತ್ತರದಲ್ಲಿ ನಿಂತು ಕೆಲಸ ಮಾಡುವ, ಭಾರವನ್ನು ಏರಿಸುವ ಕ್ರಮವನ್ನು ಎಲ್ಲರೂ ಅರಿತಿರುವುದು ಒಳ್ಳೆಯದು.

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ತಾವು ನೋಡಿರಬಹುದು. ಬಹಮನಿ ಸುಲ್ತಾನರ ಕಾಲದಲ್ಲಿ, 1367ರಲ್ಲಿ ಕಟ್ಟಿದ್ದು. ಉದ್ದ ಸುಮಾರು 216 ಅಡಿ, ಅಗಲ 176 ಅಡಿ. ಒಳಗೆ ತೆರೆದ ಅಂಗಳವೇ ಇಲ್ಲ. ಕಮಾನುಗಳ ಮೇಲೆ ಸಾಲುಸಾಲಾಗಿ ಗುಮ್ಮಟಗಳಿವೆ. ನೆತ್ತಿಯ ಕಲ್ಲು ಕೂಡುವ ತನಕ ಕಮಾನು ತನ್ನ ಭಾರವನ್ನು ತಾನೇ ಹೊರಲಾರದು. ಅದಕ್ಕಾಗಿ ಕೆಳಗಿನಿಂದ ಆಧಾರ ಕೊಟ್ಟು, ಗಾರೆ ಬಿಗಿದ ಮೇಲೆ ತೆಗೆಯುವುದು ಹಳೆಯ ಪದ್ಧತಿ. ಕೆಂಪುಬಾಳೆಯ ಗೊನೆ ತೂಗಿದಾಗ ತಾವು ಗಿಡಕ್ಕೆ ಕೋಲು ಊರುವುದಿಲ್ಲವೇ? ಇದೂ ಹಾಗೆಯೇ.

ಕೆಲಸಗಾರರು ನಿಲ್ಲಲು ಬೊಂಬು, ಹಲಗೆ, ಹಗ್ಗಗಳಿಂದ ಕಟ್ಟುವುದೇ ಸಾರವೆ. ಹಳೆಯ ಗೋಡೆಗಳಲ್ಲಿ ಒಂದೇ ಮಟ್ಟದ ಚೌಕ ತೂತುಗಳ ಸಾಲು ಕಂಡರೆ, ಅವು ಬಹುಶಃ ಸಾರವೆಯ ಅಡ್ಡ ಮರ ತೂರಿಸಿದ ಗುರುತು. ಇಪ್ಪತ್ತನೆಯ ಶತಮಾನದಲ್ಲಿ ಕಬ್ಬಿಣದ ಕೊಳವೆಗಳ ಸಾರವೆ ಬಳಕೆಗೆ ಬಂತು.

ಭಾರ ಎತ್ತುವ ವಿದ್ಯೆಯೂ ಹಳೆಯದೇ. ಈಜಿಪ್ಟಿನವರು ಮಣ್ಣಿನ ಇಳಿಜಾರು ದಿಬ್ಬದ ಮೇಲೆ ಕಲ್ಲನ್ನು ಎಳೆದರು. ಸುಮಾರು 2500 ವರ್ಷಗಳ ಹಿಂದೆ ಗ್ರೀಕರು ಹಗ್ಗದಿಂದ ಕಲ್ಲೆತ್ತುವ ಯಂತ್ರ ಹೂಡಿದರು. ರೋಮನರು ದೊಡ್ಡ ಚಕ್ರದೊಳಗೆ ಆಳುಗಳನ್ನು ನಡೆಸಿ ಭಾರ ಎತ್ತಿದರು. ನಮ್ಮ ಹಿರಿಯರ ಕಪಿಲೆಯಲ್ಲಿಯೂ ಇದೇ ತತ್ವ: ಮೇಲೆ ಗಾಲಿ, ಹಗ್ಗಕ್ಕೆ ತೊಗಲಿನ ಚೀಲ, ಇಳಿಜಾರಿನಲ್ಲಿ ನಡೆಯುವ ಎತ್ತುಗಳು.

ಈಗ ಮುಖ್ಯ ಮಾತು. ತೊಲೆಗೆ ಒಂದೇ ಗಡಗಡೆ ಕಟ್ಟಿ 60 ಕಿಲೋ ಕಲ್ಲು ಎತ್ತುವಾಗ ಕಲ್ಲು 60 ಕಿಲೋ ಜಗ್ಗುತ್ತದೆ. ಕೆಳಗೆ ನಿಂತವರು ಇನ್ನೂ 60 ಕಿಲೋ ಜಗ್ಗುತ್ತಾರೆ. ತೊಲೆಯ ಮೇಲೆ ಬೀಳುವುದು 120 ಕಿಲೋ! ಒಮ್ಮೆ ಬಾವಿಯ ಕೆಲಸಕ್ಕೆ ನಾನೇ ಕಲ್ಲಿನ ತೂಕವಷ್ಟನ್ನೇ ನೋಡಿ ತೊಲೆ ಆರಿಸಿದೆ. ಅದು ಮುರಿಯಿತು. ಕೆಳಗೆ ಯಾರೂ ಇರಲಿಲ್ಲ, ಆದ್ದರಿಂದ ಜೀವ ಉಳಿಯಿತು.

ಹಗ್ಗದ ಒಂದು ತುದಿಯನ್ನು ತೊಲೆಗೆ ಕಟ್ಟಿ, ಕಲ್ಲಿಗೆ ಎರಡನೆಯ ಗಡಗಡೆ ಹಾಕಿದರೆ ಎಳೆಯುವ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ತೊಲೆಯ ಭಾರವೂ 90 ಕಿಲೋಗೆ ಇಳಿಯುತ್ತದೆ. ಆದರೆ ಹಗ್ಗವನ್ನು ಎರಡರಷ್ಟು ಎಳೆಯಬೇಕು.

ನೆನಪಿಡಿ:

1. ತೊಲೆ ಕಲ್ಲಿನ ತೂಕದ ಎರಡರಷ್ಟಕ್ಕಿಂತ ಬಹಳ ಹೆಚ್ಚು ಭಾರ ತಾಳುವಂತಿರಲಿ.
2. ಹುಳ ಹಿಡಿದ ಬೊಂಬು, ಎಳೆ ಬಿಟ್ಟ ಹಗ್ಗ ಬಳಸಬೇಡಿ. ದಿನವೂ ಬೆಳಿಗ್ಗೆ ಪರೀಕ್ಷಿಸಿರಿ.
3. ಸಾರವೆಯ ಕಾಲನ್ನು ಸಡಿಲ ಎರೆಮಣ್ಣಿನ ಮೇಲೆ ಊರಬೇಡಿ. ಕೆಳಗೆ ಚಪ್ಪಡಿ ಕೊಡಿ.
4. ಏರುತ್ತಿರುವ ಭಾರದ ಕೆಳಗೆ ಯಾರೂ ನಿಲ್ಲಬಾರದು.
5. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿರಿ.

ಕೆಲಸ ಮುಗಿದ ಮೇಲೆ ಸಾರವೆಯನ್ನು ಬಿಚ್ಚಿಬಿಡುತ್ತೇವೆ. ಆದರೆ ನಿಂತಿರುವಷ್ಟು ದಿನ ನಮ್ಮವರ ಪ್ರಾಣ ಅದರ ಮೇಲಿರುತ್ತದೆ. ನಾಲ್ಕು ದಿನದ್ದೆಂದು ಅದನ್ನು ಹೇಗೋ ಕಟ್ಟಬೇಡಿ.